ಉತ್ತರಹಳ್ಳಿ ಟ್ಯಾಂಕಿನ ಹಸಿರು

ನಾನು ಸಮುದ್ರ ವಿಜ್ಞಾನಿ ಎಂದ ಕೂಡಲೇ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ, ಈಜು ಬರುತ್ತದೆಯೇ ಎಂದು. ಬರುವುದಿಲ್ಲ. ಎರಡನೆಯದು, ಹಾಗಾದರೆ ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಏನು ಮಾಡುತ್ತಿದ್ದೀರಿ ಎಂದು. ಇದಕ್ಕೆ ನನ್ನಲ್ಲಿ ಉತ್ತರವಿದೆ, ಆದರೆ ಅದು ಉದ್ದ. ಅರ್ಧ ಹೇಳುವಷ್ಟರಲ್ಲಿ ಕೇಳಿದವರ ಬಸ್ಸು ಬಂದುಬಿಡುತ್ತದೆ.

ನಾನು ಗದಗದ ಕಡೆಯವಳು. ನಮ್ಮಲ್ಲಿ ಸಮುದ್ರವೆಂದರೆ ಗೋಕರ್ಣಕ್ಕೆ ಹೋದವರು ಕಾಲು ತೋಯಿಸಿಕೊಂಡು ಬರುವ ಜಾಗ. ನಾನೂ ಅಷ್ಟೇ ತೋಯಿಸಿಕೊಂಡವಳು. ಆದರೂ ಪಿಎಚ್‌ಡಿಗೆ ಸಮುದ್ರವನ್ನೇ ಹಿಡಿದೆ, ಏಕೆಂದರೆ ಅದನ್ನು ನೋಡುವ ಕೆಲಸವನ್ನು ಉಪಗ್ರಹ ಮಾಡುತ್ತದೆ. ಕಡಲಿನ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಬೆಳೆಯುತ್ತವೆ. ಅವು ಹೆಚ್ಚಿದಲ್ಲಿ ನೀರು ಹಸಿರಾಗುತ್ತದೆ, ಮೀನು ಅಲ್ಲಿಗೆ ಬರುತ್ತದೆ. ಮೇಲಿನಿಂದ ಉಪಗ್ರಹ ಆ ಬಣ್ಣವನ್ನು ಅಳೆದು ಕಳಿಸಿದರೆ, ನಾನು ಕಂಪ್ಯೂಟರಿನ ಮುಂದೆ ಕೂತು ಎಲ್ಲಿ ಎಷ್ಟು ಹಸಿರು ಎಂದು ಲೆಕ್ಕ ಹಾಕುತ್ತೇನೆ. ಇದಕ್ಕೆ ಸಮುದ್ರ ಬೇಕಿಲ್ಲ. ಕರೆಂಟು ಹೋಗದಿದ್ದರೆ ಸಾಕು.

ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಉತ್ತರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನ ಕುಟುಂಬದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮನೆಗಳನ್ನು ಬೆಳೆಸಿದ್ದಾರೆ. ಒಂಟಿ ಹೆಂಗಸರಿಗೆ ಬಾಡಿಗೆಗೆ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದವರು, ಸ್ಯಾಟಲೈಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಹಡಿಯ ಮೇಲಿನ ಕೋಣೆಯ ಬೀಗದ ಕೈ ತಂದುಕೊಟ್ಟರು. ಆಮೇಲೆ ಬೀದಿಯವರಿಗೆಲ್ಲ ನನ್ನನ್ನು ಸ್ಯಾಟಲೈಟ್ ಮೇಡಂ ಎಂದು ಪರಿಚಯ ಮಾಡಿಸಿದರು. ಹಿಂದಿನ ಓಣಿಯಲ್ಲಿ ಒಬ್ಬರ ಸ್ಕೂಟರ್ ಕಳುವಾದಾಗ ಪೊಲೀಸರಿಗಿಂತ ಮೊದಲು ಅವರನ್ನು ನನ್ನ ಬಳಿಗೆ ಕಳಿಸಿದ್ದರು. ಅದು ಸಮುದ್ರಕ್ಕೆ ಬಿದ್ದಿದ್ದರೂ ನನಗೆ ಕಾಣುವುದಿಲ್ಲ ಎಂದು ಹೇಳಿದ್ದನ್ನು ಅವರು ನನ್ನ ವಿನಯವೆಂದು ತಿಳಿದರು.

ಹೀಗೆ ಸುಖವಾಗಿದ್ದಾಗ ನನ್ನ ಗೈಡ್ ಒಂದು ಬಾಂಬು ಹಾಕಿದರು. ಉಪಗ್ರಹ ಹೇಳಿದ್ದನ್ನೆಲ್ಲ ನಂಬಿಕೊಂಡು ಪ್ರಬಂಧ ಬರೆದರೆ ಆಗದು, ಅದು ಕರಾವಳಿಯ ಮೇಲೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ದೋಣಿಯಲ್ಲಿ ಹೋಗಿ ನೀರು ಮೊಗೆಯಬೇಕು, ಬಿಳಿಯ ಸೋಸುಕಾಗದದ ಮೇಲೆ ಆ ನೀರನ್ನು ಸೋಸಬೇಕು, ಕಾಗದದಲ್ಲಿ ಉಳಿದ ಹಸಿರು ಉಪಗ್ರಹದ ಲೆಕ್ಕಕ್ಕೆ ತಾಳೆಯಾದರೆ ಮಾತ್ರ ಕೊನೆಯ ಅಧ್ಯಾಯ ಒಪ್ಪುತ್ತೇನೆ ಎಂದರು. ಮಳೆಗಾಲ ಮುಗಿದು ಮೋಡ ಸರಿದ ಕೂಡಲೇ ಹೊರಡಲು ದೋಣಿಯನ್ನು ಗೊತ್ತುಮಾಡಿಯೂ ಆಗಿತ್ತು. ಸೋಸುವ ಪಂಪನ್ನು ನಾನು ಅದುವರೆಗೆ ಮುಟ್ಟಿಯೇ ಇರಲಿಲ್ಲ. ಅಲ್ಲಾಡುವ ದೋಣಿಯಲ್ಲಿ ಕಲಿಯುವುದಕ್ಕಿಂತ ಅಲ್ಲಾಡದ ಮಹಡಿಯಲ್ಲಿ ಕಲಿಯುವುದು ವಾಸಿಯೆಂದು ಪಂಪು, ಬಾಟಲಿ, ಕಾಗದ ಎಲ್ಲವನ್ನೂ ಕೋಣೆಗೆ ತಂದೆ.

ನೀರು ಬೇಕಿತ್ತು. ಪಕ್ಕದಲ್ಲೇ ಇಡೀ ಕಟ್ಟಡಕ್ಕೆ ನೀರು ಕೊಡುವ ಸಿಮೆಂಟಿನ ಟ್ಯಾಂಕಿತ್ತು. ಅದರ ತಗಡಿನ ಮುಚ್ಚಳ ಯಾವುದೋ ಗಾಳಿಗೆ ಹಾರಿಹೋಗಿ ಬಹಳ ಕಾಲವಾಗಿತ್ತು. ಬಕೆಟ್ಟು ಇಳಿಸಿ ನೀರು ಸೇದಿ ಪಂಪು ಒತ್ತಿದೆ. ಕಾಗದದ ಮೇಲೆ ನಿಧಾನಕ್ಕೆ ಹಸಿರು ಮೂಡತೊಡಗಿತು. ಎಂಥ ಹಸಿರು ಎನ್ನುತ್ತೀರಿ, ಕರಾವಳಿಗೆ ಹೋಗುವುದೇ ದಂಡ ಅನ್ನಿಸುವಷ್ಟು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ವಿಜಯಪುರದ ಹೆಂಗಸು ಬಟ್ಟೆ ಒಣಹಾಕಲು ಬಂದರು. ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳಲಾರದೆ ಅವರಿಗೆ ಕಾಗದ ತೋರಿಸಿದೆ. ಎಲ್ಲಿಯ ನೀರು ಎಂದು ಕೇಳಿದರು. ಹೆಮ್ಮೆಯಿಂದ ಟ್ಯಾಂಕಿನ ಕಡೆಗೆ ಕೈ ಮಾಡಿದೆ. ಅವರು ಟ್ಯಾಂಕನ್ನು ನೋಡಿದರು, ಕಾಗದವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇದರಾಗ ಈಗರ ಅಕ್ಕಿ ತೊಳದ ಬಂದೇನ್ರೀ ಅಕ್ಕಾ ನಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯ ಹೊತ್ತಿಗೆ ಆ ಕಾಗದದ ಫೋಟೋ ಕಟ್ಟಡದ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಅದರ ಕೆಳಗೆ ಥೂ, ಛೀ, ವಾಂತಿ ಮಾಡಿಕೊಳ್ಳುವ ಹಳದಿ ಮುಖಗಳು. ಆ ಗುಂಪನ್ನು ಕಟ್ಟಿದವರೇ ಮಾಲೀಕರು.

ಅವರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಮಹಡಿಗೆ ಬಂದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ತಲೆಯೆತ್ತಿ ಆಕಾಶ ನೋಡಿದರು. ಅದು ಎಷ್ಟು ದಿವಸದಿಂದ ನಮ್ಮ ಟ್ಯಾಂಕೊಳಗೆ ನೋಡುತ್ತಿದೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಮುಚ್ಚಳವಿಲ್ಲದ ಟ್ಯಾಂಕಿನೊಳಕ್ಕೆ ಉಪಗ್ರಹ ಇಣುಕಿತು, ನಾನು ಬಾಡಿಗೆದಾರರಿಗೆ ವರದಿ ಕೊಟ್ಟೆ ಎಂಬುದು ಅವರ ತೀರ್ಮಾನ. ಪಂಪು ತೋರಿಸಿ ಎಷ್ಟು ವಿವರಿಸಿದರೂ ಕೇಳಲಿಲ್ಲ. ಅಷ್ಟುದ್ದ ವಿವರಿಸುವವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದೇ ಅವರಿಗೆ ಖಾತ್ರಿಯಾಯಿತು.

"ಈ ತಿಂಗ್ಳು ಮುಗಿಸ್ಕೊಂಡು ಬೇರೆ ಕಡೆ ನೋಡ್ಕೊಳಮ್ಮ," ಎಂದರು. "ನಮ್ಮನೇಲಿದ್ಕೊಂಡು ನಮ್ಮನೇನೇ ನೋಡೋದು ಸರಿಹೋಗಲ್ಲ."

ಬೆಳಗ್ಗೆ ಎದ್ದು ನೋಡಿದರೆ ಟ್ಯಾಂಕಿಗೆ ನೀಲಿ ಟಾರ್ಪಾಲು ಹೊದಿಸಿ, ಸುತ್ತಲೂ ಹಗ್ಗ ಬಿಗಿದಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಗು ಬಂತು, ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ದೋಣಿಯ ದಿನ ಹತ್ತಿರವಾಗುತ್ತಿತ್ತು. ವಸಂತಪುರದಲ್ಲಿ, ಬನಶಂಕರಿಯಲ್ಲಿ ಕೋಣೆ ಹುಡುಕಿದೆ. ಒಬ್ಬಳೇನಾ, ನಾನ್‌ವೆಜ್ಜಾ ಎಂಬ ಪರೀಕ್ಷೆಗಳಲ್ಲಿ ಪಾಸಾದರೂ, ಕರಾವಳಿಯಿಂದ ಡಬ್ಬಗಳಲ್ಲಿ ಏನು ತರುತ್ತೀರಿ ಎಂಬಲ್ಲಿ ಫೇಲಾಗುತ್ತಿದ್ದೆ. ಸಮುದ್ರದ ನೀರು ಎಂದರೆ ಯಾರು ಮನೆ ಕೊಡುತ್ತಾರೆ? ಸಾಮಾನನ್ನು ಬೀದಿಯಲ್ಲಿಟ್ಟು ಕಡಲಿಗೆ ಹೋಗುವ ಹಾಗಿರಲಿಲ್ಲ. ಕೋಣೆ ಹೋದರೆ ದೋಣಿ ಹೋಗುತ್ತದೆ, ದೋಣಿ ಹೋದರೆ ಅಧ್ಯಾಯ ಹೋಗುತ್ತದೆ. ಆ ಟಾರ್ಪಾಲು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಉರಿ ತಡೆಯಲಾರದೆ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಕೆಳಗಿನ ಅವರ ಮನೆಗೇ ಹೋದೆ. ಅವರ ಹೆಂಡತಿ ಎಂದಿನಂತೆ ಕಾಫಿ ಕೊಟ್ಟರು. ಮಾಲೀಕರು ಮುಖ ತಿರುಗಿಸಿಯೇ ಕೂತಿದ್ದರು. ನನ್ನ ನಕ್ಷೆಯನ್ನು ತೆರೆದಿಟ್ಟೆ. ಒಂದು ಕಡೆ ನೀಲಿ, ಹಸಿರು, ಕೆಂಪು ಬಣ್ಣಗಳ ಸಮುದ್ರ. ಇನ್ನೊಂದು ಕಡೆ ಬರೀ ಕಪ್ಪು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಹುಡುಕಿದರು. ಉತ್ತರಹಳ್ಳಿ ಎಲ್ಲಿದೆ ಎಂದರು.

"ಆ ಕಪ್ಪಲ್ಲಿ ಎಲ್ಲೋ ಇದೆ ಅಂಕಲ್. ನಮಗೆ ನೆಲ ಬೇಡ. ನೆಲ ಸೇರ್ಕೊಂಡ್ರೆ ಲೆಕ್ಕ ಕೆಡುತ್ತೆ. ಅದಕ್ಕೆ ಮೊದ್ಲೇ ಅಳಿಸಿಬಿಡ್ತೀವಿ."

ನೆಲ ಬೇಡ ಎನ್ನುವ ಮನುಷ್ಯರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲವೆಂದು ತೋರುತ್ತದೆ. ಉತ್ತರಹಳ್ಳಿ, ಬನಶಂಕರಿ, ಇಡೀ ಬೆಂಗಳೂರನ್ನು ಸೈಟುಗಳ ಸಮೇತ ಬಳಿದುಹಾಕುವ ನನ್ನನ್ನು ಅವರು ಕನಿಕರದಿಂದ ನೋಡಿದರು. ಇಷ್ಟು ಓದಿಯೂ ಹೀಗಾಯಿತಲ್ಲ ಎಂಬ ಕನಿಕರ. ಆದರೆ ಉಪಗ್ರಹದ ಭಯ ಬಿಟ್ಟಿತು. ಅದು ಬಿಟ್ಟ ಮೇಲೆ ಒಳಗಿದ್ದ ನೋವು ಹೊರಗೆ ಬಂತು. ಅವರ ಹೊಲದಲ್ಲೊಂದು ಬಾವಿಯಿತ್ತಂತೆ. ಬೇಸಿಗೆಯಲ್ಲಿ ಊರೆಲ್ಲ ಅಲ್ಲಿಗೇ ಬರುತ್ತಿತ್ತಂತೆ. ಕಟ್ಟೆಯ ಹತ್ತಿರ ಚಪ್ಪಲಿ ಹಾಕಿಕೊಂಡು ಬಂದವರನ್ನು ಅವರಪ್ಪ ಅಟ್ಟಿಸಿಕೊಂಡು ಹೋಗುತ್ತಿದ್ದರಂತೆ.

"ಊರಿಗೆ ನೀರು ಕೊಟ್ಟ ಮನೆ ನಮ್ದು," ಎಂದರು. "ಇವತ್ತು ಫೋನಲ್ಲಿ ಥೂ ಅಂತ ಹಾಕವ್ರೆ."

ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು. ಪಾಪ ಅನ್ನಿಸಿತು. ಇನ್ನೊಂದು ಲೋಟ ಕಾಫಿ ಕೇಳಿ ಕುಡಿದೆ.

ಭಾನುವಾರ ಅವರು ಟಾರ್ಪಾಲು ಬಿಚ್ಚಿ, ಆಳುಗಳನ್ನು ಕರೆಸದೆ, ತೆಂಗಿನ ನಾರು, ಬ್ಲೀಚಿಂಗ್ ಪುಡಿ ಹಿಡಿದು ತಾವೇ ಟ್ಯಾಂಕಿಗೆ ಇಳಿದರು. ಏಣಿಯ ಮೇಲೆ ನಿಂತು ಅವರ ಹೆಂಡತಿ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ಎಂದು ಒಂದೇ ಸಮನೆ ಕೇಳುತ್ತಿದ್ದರು. ಒಳಗಿನಿಂದ ತಿಕ್ಕುವ ಸದ್ದು, ನಡುನಡುವೆ ಬಾಡಿಗೆದಾರರಿಗೆ ಬೈಗುಳ. ಟ್ಯಾಂಕಿನಲ್ಲಿ ಬೈದದ್ದು ಗುಂಯ್ ಎಂದು ದೊಡ್ಡದಾಗಿ, ಓಣಿಯ ಕೊನೆಗೂ ಕೇಳುತ್ತಿತ್ತು. ಹೊಸ ಮುಚ್ಚಳ ಬಂತು, ಹೊಸ ನೀರು ತುಂಬಿತು, ತೊಳೆದ ನೀರು ಹರಿದುಹೋಗಿ ಎರಡನೆಯ ಸಲ ತುಂಬಿತು. ಆಮೇಲೆ ಗುಂಪಿನಲ್ಲಿ ಅವರ ಅಪ್ಪಣೆ ಬಂತು. ಎಲ್ಲರೂ ಮಹಡಿಗೆ ಬರಬೇಕು, ಮೇಡಂ ಎಲ್ಲರೆದುರಿಗೆ ಸೋಸಿ ತೋರಿಸುತ್ತಾರೆ.

ನೀರನ್ನು ಮಾಲೀಕರೇ ಚೊಂಬಿನಲ್ಲಿ ಮೊಗೆದು ಕೊಟ್ಟರು. ಪಂಪು ಒತ್ತಲು ಕೂತೆ. ಇಷ್ಟು ವರ್ಷ ಹಸಿರು ಬರಲಿ, ಹಸಿರು ಬರಲಿ ಎಂದು ಹರಕೆ ಹೊತ್ತವಳು ಅಂದು ಬಿಳಿಯೇ ಇರಲಿ ದೇವರೇ ಎಂದು ಬೇಡಿಕೊಂಡೆ. ನೀರು ಇಳಿಯಿತು. ಕಾಗದವನ್ನು ಚಿಮುಟದಲ್ಲಿ ಎತ್ತಿ ಹಿಡಿದೆ. ಬಿಳಿಯಾಗಿತ್ತು. ಎಲ್ಲರಿಗೂ ಬಿಳಿಯಾಗಿತ್ತು. ಬಣ್ಣ ನೋಡಿ ನೋಡಿ ಕೆಟ್ಟಿರುವ ನನ್ನ ಕಣ್ಣಿಗೆ ಮಾತ್ರ ಅಂಚಿನಲ್ಲಿ ಒಂದು ಎಳೆಯಷ್ಟು ಹಸಿರು ಕಂಡಿತು.

ಸುಮ್ಮನಿರಬಹುದಿತ್ತು. ಕೋಣೆ ಉಳಿಯುತ್ತಿತ್ತು, ಅವರ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಕಾಗದ ಕೈಯಲ್ಲಿದ್ದಾಗ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ.

"ಸ್ವಲ್ಪ ಇದೆ ಅಂಕಲ್," ಎಂದೆ.

ಮಾಲೀಕರು ಚೊಂಬು ಹಿಡಿದೇ ಹತ್ತಿರ ಬಂದರು. ಬಗ್ಗಿ ಕಾಗದವನ್ನು ನೋಡಿ, ನಿನ್ನ ಸಮುದ್ರದಲ್ಲಿ ಎಷ್ಟಿರುತ್ತದೆ ಎಂದು ಕೇಳಿದರು. ಈಗ ಮಳೆಗಾಲ ಮುಗಿದ ಹೊತ್ತು, ದಡದ ಹತ್ತಿರ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಎಂದೆ. ಅದು ನಿಜವೇ. ಅವರು ಬಾಡಿಗೆದಾರರ ಕಡೆಗೆ ತಿರುಗಿದರು.

"ಕೇಳುಸ್ಕೊಂಡ್ರಾ? ಸಮುದ್ರಕ್ಕಿಂತ ಚೆನ್ನಾಗೈತೆ ನಮ್ ನೀರು."

ವಿಜಯಪುರದ ಹೆಂಗಸು ಮುಂದೆ ಬಂದು, ತಾನು ಹೊಳೆಯ ನೀರು ಕುಡಿದು ಬೆಳೆದವಳು, ಇಷ್ಟಕ್ಕೆಲ್ಲ ಹೆದರುವುದಿಲ್ಲ ಎಂದು ಅದೇ ಚೊಂಬಿನಿಂದ ಒಂದು ಗುಟುಕು ಕುಡಿದರು. ಉಳಿದವರು ಒಬ್ಬೊಬ್ಬರಾಗಿ ಕೆಳಗಿಳಿದರು. ಮಾಲೀಕರೂ ಹೊರಟವರು ಮೆಟ್ಟಿಲ ಬಳಿ ನಿಂತರು.

"ಬೋಟಲ್ಲಿ ಹೋಗ್ತೀಯಲ್ಲ, ಆ ಸಮುದ್ರದ್ದೂ ಒಂದು ಪೇಪರ್ ತಗೊಂಡ್ ಬಾ. ಇದ್ರ ಪಕ್ಕ ಇಟ್ಟು ತೋರುಸ್ಬೇಕು ಇವ್ರಿಗೆ."

ಇಲ್ಲಿಗೇ ತರಬೇಕಾ ಎಂದು ಅಳುಕುತ್ತಲೇ ಕೇಳಿದೆ.

"ಇನ್ನೆಲ್ಲಿಗಮ್ಮ? ನಿನ್ ಮನೆ ಇಲ್ಲೈತಲ್ಲ," ಎಂದು ಅವರು ಇಳಿದುಹೋದರು. ನಾನು ಪಂಪು, ಬಾಟಲಿ ಎತ್ತಿಕೊಂಡು ಒಳಗೆ ಹೋಗಿ, ಮನೆ ಬಿಡಲೆಂದು ಕಟ್ಟಿಟ್ಟಿದ್ದ ಸಾಮಾನಿನ ಹಗ್ಗ ಬಿಚ್ಚಲು ಕೂತೆ.