ಮೊದಲೇ ಬರೆದಿಟ್ಟ ‘ಠೀಕ್’

೧೯೫೬ರ ನವೆಂಬರ್‌ನಲ್ಲಿ ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಬೆನ್ನಿಗೇ ಬಂದ ಶೇಂಗಾ ಸುಗ್ಗಿಯಲ್ಲಿ ನಡೆದದ್ದು ಇದು. ಆಗ ನನಗೆ ಇಪ್ಪತ್ತೆರಡು ವರ್ಷ. ರಂಗಂಪೇಟೆಯ ಒಬ್ಬ ಸಾಹುಕಾರರ ಬಳಿ ಲೆಕ್ಕಪತ್ರ ಬರೆಯುವ ಮುನ್ಶಿಯಾಗಿದ್ದೆ. ಅವರಿಗೆ ಮೂರು ಲಾರಿಗಳಿದ್ದವು. ಸುರಪುರದ ಕಡೆಯ ಶೇಂಗಾ ಚೀಲಗಳನ್ನು ಶಹಾಪುರದ ಮೇಲೆ ಹಾಯ್ದು ಯಾದಗಿರಿ ಸ್ಟೇಷನ್ನಿಗೆ ಮುಟ್ಟಿಸುವುದು ಅವುಗಳ ಕೆಲಸ. ಉರ್ದು, ಕನ್ನಡ ಎರಡೂ ಬರೆಯಬಲ್ಲೆ ಎಂಬ ಒಂದೇ ಗುಣಕ್ಕೆ ನನ್ನನ್ನು ಇಟ್ಟುಕೊಂಡಿದ್ದರು. ಲಾರಿಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಹಾರ್ನ್ ಎಲ್ಲಿದೆ ಎಂಬುದಷ್ಟೇ.

ಹೊಸ ಸರ್ಕಾರ, ಯಾವಾಗ ಯಾವ ಕಾಗದ ಕೇಳುತ್ತಾರೋ ಎಂದು ಸಾಹುಕಾರರು ಒಂದು ತಪಾಸಣೆ ಪುಸ್ತಕ ಇಡಿಸಿದ್ದರು. ದಿನಾ ಬೆಳಿಗ್ಗೆ ಪ್ರತಿ ಲಾರಿಯ ಬ್ರೇಕು, ಗಾಲಿ, ದೀಪ ನೋಡಿ, ಸರಿ ಇದ್ದರೆ ಆ ದಿನದ ಚೌಕದಲ್ಲಿ ‘ಠೀಕ್’ ಎಂದು ಬರೆಯಬೇಕು. ನಾನು ಯಾವುದನ್ನೂ ನೋಡುತ್ತಿರಲಿಲ್ಲ. ಒಂದನೇ ತಾರೀಖಿಗೆ ಕುಳಿತು ತಿಂಗಳ ಕೊನೆಯವರೆಗೂ ಒಂದೇ ಉಸಿರಿಗೆ ‘ಠೀಕ್’ ತುಂಬಿಬಿಡುತ್ತಿದ್ದೆ. ಅಕ್ಷರ ಮಾತ್ರ ಮುತ್ತಿನಂತಿರುತ್ತಿದ್ದವು. ಸಾಹುಕಾರರು ಅದನ್ನೇ ಮೆಚ್ಚಿಕೊಂಡಿದ್ದರು.

ಮೂರರಲ್ಲಿ ಹಳೆಯ ಲಾರಿಯನ್ನು ಓಡಿಸುತ್ತಿದ್ದವನು ಕೊಂಕಲ್ಲಿನ ಮಾಳಪ್ಪ. ಕುರಿ ಸಾಕುವ ಮನೆತನದವನು, ನನಗಿಂತ ಹದಿನೈದು ವರ್ಷ ದೊಡ್ಡವನು. ಅಮಾವಾಸ್ಯೆಯ ಹಿಂದಿನ ದಿನ ನನ್ನ ಮುಂದೆ ಬಂದು ನಿಂತ.

“ತಮ್ಮಾ, ನನ್ನ ಗಾಡಿ ಬ್ರೇಕ್ ಹಿಡಿವಲ್ದು. ಮೂರು ಸಲ ತುಳದ್ರ ಒಮ್ಮಿ ಹಿಡೀತದ. ನಾಳಿ ತಾರೀಖಿಗಿ ಠೀಕ್ ಅಂತ ಬರೀಬ್ಯಾಡ, ಖಾಲಿ ಬಿಡು. ಖಾಲಿ ನೋಡಿದ್ರರ ಸಾವ್ಕಾರ್ರು ಯಾಕಂತ ಕೇಳ್ತಾರ.”

ಆ ತಾರೀಖಿಗೆ ಎಂದೋ ಬರೆದಾಗಿತ್ತು. ಹೇಳಲು ನಾಚಿಕೆಯಾಯಿತು. “ನೋಡ್ತೀನಿ ತಗೋ, ಮಾಳಣ್ಣ” ಎಂದೆ.

ಅವನು ಸಾಹುಕಾರರ ಬಳಿಯೂ ಹೋದ. ಮಿಸ್ತ್ರಿ ಇದ್ದದ್ದು ಯಾದಗಿರಿಯಲ್ಲಿ. ರಿಪೇರಿ ಎಂದರೆ ಎರಡು ದಿನ ಲಾರಿ ನಿಲ್ಲಬೇಕು, ಸ್ಟೇಷನ್ನಿನಲ್ಲಿ ವ್ಯಾಗನ್ ಕಾಯುತ್ತಿತ್ತು. “ಪುಸ್ತಕದಾಗ ಠೀಕ್ ಅದ. ಅಂಜಿಕಿ ಬಂದ್ರ ಚಾವಿ ಇಟ್ಟು ಕುರಿ ಕಾಯಾಕ ಹೋಗು. ನಾಳಿ ಹ್ಯಾಂಗೂ ಪೂಜಿ ಅದ, ಎಲ್ಲಾ ಸರಿ ಆಗ್ತದ” ಎಂದರು ಸಾಹುಕಾರರು. ಮಾಳಪ್ಪನ ಮನೆಯಲ್ಲಿ ಉಣ್ಣುವ ಬಾಯಿ ಆರು. ಅವನು ಚಾವಿ ಇಡಲಿಲ್ಲ. ಒಳಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ ನಾನು ತಲೆ ಎತ್ತಲಿಲ್ಲ.

ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಲಾರಿಗಳನ್ನು ತೊಳೆದು, ಹೂವು ಏರಿಸಿ, ಗಾಲಿಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದೆವು. ಅವುಗಳ ಮೇಲೆ ಮೊದಲ ಸುತ್ತು ಉರುಳಿಸುವುದು ಮಾಲೀಕರದೇ ಹಕ್ಕು. ಅಷ್ಟರ ಮಟ್ಟಿಗೆ ಸಾಹುಕಾರರಿಗೆ ಲಾರಿ ಓಡಿಸಲು ಬರುತ್ತಿತ್ತು. ಅಂಗಳ ಕಲ್ಲಿನ ಗೋಡೆಯ ಕಡೆಗೆ ಇಳಿಜಾರು. ಆ ಗೋಡೆಗೆ ಬೆನ್ನು ಮಾಡಿ, ಆರತಿ ತಟ್ಟೆ ಹಿಡಿದು ಲಾರಿಯ ಎದುರು ನಿಲ್ಲುವುದು ನನ್ನ ಪಾಲಿನ ಕೆಲಸ.

ಎರಡು ಲಾರಿಗಳ ಪೂಜೆ ಮುಗಿಯಿತು. ಮೂರನೆಯದಕ್ಕೆ ಸಾಹುಕಾರರು ಹತ್ತುವಾಗ ಮಾಳಪ್ಪ ಅಡ್ಡ ಬಂದ.

“ಇದೊಂದು ನಾ ಓಡಸ್ತೀನ್ರಿ, ಸಾವ್ಕಾರ್ರ.”

“ಮಾಲಕ ನೀನೋ, ನಾನೋ?”

ಮಾಳಪ್ಪ ಪಕ್ಕಕ್ಕೆ ಸರಿದ. ಒಂದು ದೊಡ್ಡ ಕಲ್ಲು ಎತ್ತಿಕೊಂಡು ಮುಂದಿನ ಗಾಲಿಯ ಪಕ್ಕ ನಿಂತ. ಇವನದು ಅತಿಯಾಯಿತು ಎಂದು ನನಗೆ ನಗು ಬಂತು.

ನಿಂಬೆಹಣ್ಣು ಚಟ್ಟೆಂದು ಒಡೆದವು. ಸಾಹುಕಾರರು ಕ್ಲಚ್ ಒತ್ತಿ ಬ್ರೇಕ್ ತುಳಿದರು. ಲಾರಿ ನಿಲ್ಲಲಿಲ್ಲ. ಸದಾ ಗದರುವ ಆ ಬಾಯಿ ಗಾಜಿನ ಹಿಂದೆ ತೆರೆದುಕೊಂಡೇ ಇತ್ತು, ದನಿ ಬರಲಿಲ್ಲ. ನಾನು ಹಿಂದೆ ಸರಿದೆ, ಬೆನ್ನಿಗೆ ಗೋಡೆ ತಾಗಿತು. ಪಕ್ಕಕ್ಕೆ ಹಾರಬೇಕೆಂದು ಹೊಳೆಯಲೇ ಇಲ್ಲ. ಸತ್ತೆ ಅಂದುಕೊಂಡೆ.

ಧಡ್ ಎಂದು ಸದ್ದಾಗಿ ಲಾರಿ ನಿಂತಿತು. ನನ್ನ ಎದೆಗೂ ಬಂಪರಿಗೂ ನಡುವೆ ಉಳಿದದ್ದು ಒಂದು ಗೇಣು. ಮಾಳಪ್ಪ ಗಾಲಿಗೆ ಕಲ್ಲು ಕೊಟ್ಟಿದ್ದ. ಅವನ ಬಲಗೈ ಹೆಬ್ಬೆರಳು ಅದರಡಿ ಸಿಕ್ಕು ಜಜ್ಜಿಹೋಗಿತ್ತು.

ಸಾಹುಕಾರರು ಲಾರಿಯಿಂದ ಇಳಿದರು. “ಠೀಕ್ ಅಂತ ಬರ್ದಿಯಲ್ಲೋ!” ಎಂದು ನನ್ನ ಮೇಲೆ ಬಂದರು.

“ನೀವೂ ಠೀಕ್ ಅಂದ್ರಲ್ರಿ” ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಹೆಗಲ ಮೇಲಿನ ವಲ್ಲಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮಾಳಪ್ಪ ಹೇಳಿದ, “ಬರ್ದಾವ ಒಬ್ಬ, ಓದಿದಾವ ಒಬ್ಬ. ತುಳದು ನೋಡಿದಾವ ನಾನೊಬ್ನೇ.”

ಸಾಹುಕಾರರು ಕೆಟ್ಟವರಲ್ಲ. ಅಂದೇ ಯಾದಗಿರಿಗೆ ಆಳು ಕಳಿಸಿ ಮಿಸ್ತ್ರಿಯನ್ನು ಕರೆಸಿದರು. ವ್ಯಾಗನ್ ಹೋದರೆ ಹೋಗಲಿ ಎಂದರು. ಮಾಳಪ್ಪ ಅದರ ಮೇಲೆ ಒಂದು ಶರತ್ತು ಹಾಕಿದ. ಇನ್ನು ಮುಂದೆ ಪೂಜೆಗೆ ಮೊದಲು ಡ್ರೈವರನೇ ಲಾರಿಯನ್ನು ಹತ್ತು ಮಾರು ಓಡಿಸಿಕೊಂಡು ಬಂದು, ನಿಂಬೆಹಣ್ಣು ಮುಟ್ಟದಂತೆ ನಿಲ್ಲಿಸಬೇಕು. ನಿಂತರೆ ಮಾತ್ರ ಪೂಜೆ. ಎದುರು ಯಾರೂ ಇರಕೂಡದು. “ಮತ್ತ ದಿನಾ ಠೀಕ್ ಬರಿಯಾವ್ರು ಗಾಡ್ಯಾಗ ಕುಂತು, ನಿಂತಿದ್ದು ನೋಡಿ ಬರೀಬೇಕು” ಎಂದು ನನ್ನ ಕಡೆ ನೋಡಿದ. ಸಾಹುಕಾರರು ಒಪ್ಪಿದರು. ಆ ಮುನ್ಶಿ ಕೆಲಸ ಬಿಡುವವರೆಗೂ ನಾನು ಪ್ರತಿ ಬೆಳಿಗ್ಗೆ ಮೂರೂ ಲಾರಿ ಹತ್ತಿ ಇಳಿದೆ.

ಆ ಅಮಾವಾಸ್ಯೆಯ ಸಂಜೆ ಪುಸ್ತಕ ತೆರೆದೆ. ಆ ದಿನದ ಚೌಕದಲ್ಲಿ ಮುತ್ತಿನಂಥ ‘ಠೀಕ್’ ಇತ್ತು. ಹೊಡೆದುಹಾಕಿ, ಕೆಳಗೆ ‘ಬ್ರೇಕ್ ಇಲ್ಲ’ ಎಂದು ಬರೆದೆ. ಈ ಸಲ ಅಕ್ಷರ ಸೊಟ್ಟಗಾದವು. ಓದಲು ಬಾರದ ಮಾಳಪ್ಪ ಹಿಂದೆ ಬಂದು ನಿಂತಿದ್ದ. “ಏನ್ ಬರ್ದಿ?” ಎಂದು ಕೇಳಿದ. ಓದಿ ಹೇಳಿದೆ.

“ಹಾಂ, ಈಗ ಖರೇ ಬರ್ದಿ” ಎಂದ.

ಮಾಳಣ್ಣ ತೀರಿಹೋಗಿ ಬಹಳ ವರ್ಷಗಳಾದವು. ಸಾಹುಕಾರರ ಕೆಲಸ ಬಿಟ್ಟ ಮೇಲೆ ನಾನು ಸರ್ಕಾರಿ ನೌಕರಿ ಸೇರಿ, ‘ಪರಿಶೀಲಿಸಲಾಗಿದೆ’ ಎಂದು ಎಷ್ಟೋ ಕಾಗದಗಳಿಗೆ ಸಹಿ ಹಾಕಿದೆ. ಪ್ರತಿ ಸಲ ಲೇಖನಿ ಎತ್ತಿದಾಗಲೂ ಆ ಕಲ್ಲಿನ ಗೋಡೆ ನನ್ನ ಬೆನ್ನಿಗೆ ತಾಗುತ್ತಿತ್ತು.