ಎಡಗಡೆ ಬಿದ್ದ ಹೂ

ಆ ಶುಕ್ರವಾರ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಇಡ್ಲಿ ಬೇಯಲು ಇಟ್ಟೆ. ಬಿದರೆಹಳ್ಳ ಕಾವಲ್ ಫ್ಯಾಕ್ಟರಿಗೆ ಹೋಗುವ ನಮ್ಮವರ ಡಬ್ಬಿಗೆ ಚಿತ್ರಾನ್ನ ತುಂಬಿದೆ, ದೇವರ ಮನೆ ಒರೆಸಿದೆ. ದೀಪ ಹಚ್ಚಿ, ತಪ್ಪಾಯಿತೆಂದು ಕೈ ಮುಗಿದೆ. ನನ್ನ ತವರೂರಿನ ದೇವತೆ ಅಮ್ಮ ಬೇಡವೆಂದ ಕೆಲಸಕ್ಕೆ ಅಂದು ಮಗಳನ್ನು ಕರೆದುಕೊಂಡು ಹೊರಟಿದ್ದೆ.

ಅಮ್ಮನನ್ನು ನಂಬಿದ ಬಂಧುಗಳೇ, ನಾವಿರುವುದು ಗುಬ್ಬಿಯಲ್ಲಿ. ಮಗಳು ಸುಮಾ ತುಮಕೂರಿನ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಚಿಕ್ಕಂದಿನಿಂದ ಅವಳಿಗೆ ಉಗ್ಗು. ಎರಡು ತಿಂಗಳ ಹಿಂದೆ ಕ್ಲಾಸಿನಲ್ಲಿ ಸೆಮಿನಾರ್ ಕೊಡಲು ನಿಂತವಳು ಮೊದಲ ಪದದಲ್ಲೇ ಸಿಕ್ಕಿಕೊಂಡಳು. ಹಿಂದಿನ ಬೆಂಚಿನವರು ನಕ್ಕರು. ಅಂದಿನಿಂದ ಕಾಲೇಜಿನಲ್ಲಿ ಬಾಯಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಮೇಡಂ ಹತ್ತಿರ ವಾರವಾರ ಕರೆದೊಯ್ದೆ. ಅಲ್ಲಿ ಸರಾಗವಾಗಿ ಓದುವಳು, ಕಾಲೇಜಿನ ಗೇಟು ದಾಟಿದರೆ ಮತ್ತೆ ಮೌನ. ಕೊನೆಗೆ ಟಿ.ಸಿ.ಗೆ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡಳು.

ಅವಳ ಗೆಳತಿ ಶಬಾನಾ ಕುಣಿಗಲ್ಲಿನ ಟೈಲರ್ ಒಬ್ಬರ ಮಗಳು. ಕಾಲೇಜಿನಲ್ಲಿ ಆ ಶುಕ್ರವಾರ ಇದ್ದ ಪ್ರವಾಸ, ಸಂಸ್ಕೃತಿ ಕುರಿತ ಕ್ವಿಝ್‌ಗೆ ಕೇಳದೆಯೇ ಇಬ್ಬರ ಹೆಸರೂ ಕೊಟ್ಟಳು. "ನೀನು ಚೀಟೀಲಿ ಉತ್ತರ ಬರ್ಕೊಡು ಸಾಕು ಕಣೇ. ಬಾಯಿ ನಂದು."

ಸುಮಾ ಒಪ್ಪಿದಳು, ಆದರೆ ನನಗೊಂದು ಮಾತು ಹೇಳಿದಳು. "ಗೆದ್ರೆ ಕಾಲೇಜಿಗೆ ಹೋಗ್ತೀನಮ್ಮ. ಸೋತ್ರೆ ಅರ್ಜಿ ಕೊಟ್ಬಿಡ್ತೀನಿ."

ಹಿಂದಿನ ಭಾನುವಾರ ಅವಳನ್ನು ಬಸ್ಸು ಹತ್ತಿಸಿಕೊಂಡು ಮಾರ್ಕೋನಹಳ್ಳಿ ಹತ್ತಿರದ ನನ್ನ ತವರೂರಿಗೆ ಹೋದೆ. ನಮ್ಮಲ್ಲಿ ಏನೇ ಶುರು ಮಾಡುವ ಮುಂಚೆ ಊರ ಗುಡಿಯಲ್ಲಿ ಅಮ್ಮನ ಹತ್ತಿರ ಹೂ ಕೇಳುವುದುಂಟು. ವಿಗ್ರಹಕ್ಕೆ ಅಂಟಿಸಿದ ಹೂಗಳಲ್ಲಿ ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. "ನನ್ನ ಮಗಳು ಗೆಲ್ತಾಳಾ ತಾಯಿ?" ಎಂದು ಕೇಳಿ ಮುಕ್ಕಾಲು ಗಂಟೆ ಕೂತೆ.

"ಎಡಗಡೆ ಕೊಟ್ಳು ಕಣವ್ವ," ಎಂದರು ಪೂಜಾರಪ್ಪ. "ಇದು ಆಗಕಿಲ್ಲ ಬುಡು."

ವಾಪಸ್ ಬಸ್ಸಿನಲ್ಲಿ ಸುಮಾ ಕಿಟಕಿ ಕಡೆ ತಿರುಗಿ ಕೂತಳು. "ನೋಡ್ದ್ಯಾ? ಅಮ್ಮನೂ ಅದೇ ಹೇಳ್ತಾಳೆ." ಅಷ್ಟು ಸೋತ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಆದರೂ ಶಬಾನಾಗೆ ಕೊಟ್ಟ ಮಾತು ತಪ್ಪಬಾರದೆಂದು ಶುಕ್ರವಾರ ಹೊರಟೆವು.

ಕಾಲೇಜಿನ ಸಭಾಂಗಣದ ಕೊನೆಯ ಸಾಲಿನಲ್ಲಿ ನಾನು ಕೂತೆ. ಸುಮಾ ಬರೆದಳು, ಶಬಾನಾ ಹೇಳಿದಳು. ಕೊನೆಯ ಸುತ್ತಿನಲ್ಲಿ ಬಝರ್ ಒತ್ತಿದವರೇ ಉತ್ತರ ಹೇಳಬೇಕೆಂಬ ನಿಯಮ. ಕ್ವಿಝ್ ನಡೆಸುವ ಮೇಷ್ಟ್ರು ಕೇಳಿದರು: "ನಮ್ಮ ಕಡೆ ಹಳ್ಳಿ ಗುಡಿಗಳಲ್ಲಿ ದೇವರ ಒಪ್ಪಿಗೆ ಕೇಳೋ ಪದ್ಧತಿ ಯಾವುದು? ಒಪ್ಪಿಗೆ ಅಂತ ಹೇಗೆ ಗೊತ್ತಾಗುತ್ತೆ?"

ಶಬಾನಾ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದಳು. ಸುಮಾಳ ಕೈ ತಾನಾಗಿ ಬಝರ್ ಒತ್ತಿತು.

"ಹ... ಹ..." ಮಾತು ಹೊರಡಲಿಲ್ಲ. ಯಾರೋ ಕಿಸಕ್ಕೆಂದರು. ನಾನು ಸೆರಗು ಹಿಂಡಿ ಕಣ್ಣು ಮುಚ್ಚಿದೆ. "ತಾಯಿ, ನಾನು ಕೇಳಿದ್ದೇ ತಪ್ಪು. ಗೆಲುವು ಬೇಡ, ಅವಳಿಗೆ ಮಾತು ಕೊಡು." ಸಮಯ ಮುಗಿದ ಗಂಟೆ ಬಾರಿಸಿದರು. ಆದರೂ ಸುಮಾ ಕೂರಲಿಲ್ಲ. ಮೇಡಂ ಕಲಿಸಿದ ಹಾಗೆ ಉಸಿರು ಬಿಟ್ಟು ಹೇಳಿದಳು: "ಹೂ ಕೇಳೋದು ಸರ್. ಬಲಗಡೆ ಬಿದ್ರೆ ಹೂಂ, ಎಡಗಡೆ ಬಿದ್ರೆ ಇಲ್ಲ."

"ಉತ್ತರ ಸರಿ. ಟೈಮ್ ಆಗೋಯ್ತಮ್ಮ, ಮಾರ್ಕ್ಸ್ ಇಲ್ಲ. ನಿಂಗೆ ಹೇಗೆ ಗೊತ್ತು?"

"ಮೊ... ಮೊನ್ನೆ ಈ ಕ್ವಿಝ್ ಗೆಲ್ತೀವಾ ಅಂತ ಕೇಳಿದ್ವಿ ಸರ್. ಎಡಗಡೆ ಬಿತ್ತು."

ಇಡೀ ಸಭಾಂಗಣವೇ ನಕ್ಕಿತು. ಸುಮಾನೂ ನಕ್ಕಳು.

"ಅಮ್ಮ ಮಾತ್ರ ಟೈಮಿಗೆ ಸರಿಯಾಗಿ ಉತ್ತರ ಕೊಟ್ಟವ್ಳೆ ಬಿಡು!" ಎಂದರು ಮೇಷ್ಟ್ರು.

ನಾಲ್ಕು ತಂಡಗಳಲ್ಲಿ ಮೂರನೆಯವರಾದರು. ಬಸ್ ಸ್ಟ್ಯಾಂಡಿನಲ್ಲಿ ಶಬಾನಾ, "ಬಾಯಿ ನಂದು ಅಂದಿರ್ಲಿಲ್ವೇನೇ? ನನ್ ಕೆಲ್ಸಾನೇ ಕಿತ್ಕೊಂಡ್ಬಿಟ್ಟೆ!" ಎಂದು ಬೆನ್ನಿಗೆ ಗುದ್ದಿ ಕುಣಿಗಲ್ ಬಸ್ಸು ಹತ್ತಿದಳು. ಗುಬ್ಬಿ ಬಸ್ಸಿನಲ್ಲಿ ಸುಮಾ ಆ ಟಿ.ಸಿ. ಅರ್ಜಿ ತೆಗೆದಾಗ, ಸೋತಳಲ್ಲ, ಇನ್ನು ಕೊಟ್ಟೇಬಿಡುತ್ತಾಳೆ ಎಂದುಕೊಂಡೆ. ಅವಳು ಅದರ ಹಿಂಬದಿಯಲ್ಲಿ ತಪ್ಪಿದ ಪ್ರಶ್ನೆಗಳನ್ನು ಬರೆಯತೊಡಗಿದಳು. "ಸೋಮವಾರ ಲೈಬ್ರರೀಲಿ ನೋಡ್ಬೇಕಮ್ಮ."

ಹೂ ಬಲಕ್ಕೆ ಬಿದ್ದಿದ್ದರೆ ಅವಳಿಗೆ ನಗಿಸುವ ಆ ಮಾತು ಎಲ್ಲಿಂದ ಬರುತ್ತಿತ್ತು? ಉಗ್ಗು ಇನ್ನೂ ಇದೆ, ಭಯ ಹೋಗಿದೆ. ಇನ್ನು ಅಮ್ಮ ಯಾವ ಕಡೆ ಹೂ ಕೊಟ್ಟರೂ ಕಣ್ಣಿಗೊತ್ತಿಕೊಳ್ಳುತ್ತೇನೆ.

ಅಂದು ಮುದ್ದೆ, ಹುರಳಿಕಾಳು ಸಾರು ಉಂಡೆವು. ನಮ್ಮವರಿಗೆ ಕ್ವಿಝ್‌ನ ಒಂದೊಂದೇ ಪ್ರಶ್ನೆ ಹೇಳುತ್ತಾ ಹೇಳುತ್ತಾ, ಅರ್ಧ ಮಾತಿನಲ್ಲಿ, ಸುಮಾನೇ ಮೊದಲು ನಿದ್ದೆ ಹೋದಳು.