ತೂಬಿನ ಬಳಿ ಬಿಚ್ಚಿದ ಬಳೆ

“ಈ ಸಲ ದೀಪಾವಳಿಗೆ ಚಿಕ್ಕತ್ತೆ ಎಡೆ ಒಳಗೆ ಬ್ಯಾಡ ಅತ್ತೆ. ಹಿತ್ತಲಾಗೆ ಇಡನ. ಧನ್ಯಾ ಹೆದರ್ತಾಳೆ,” ಎಂದಳು ಸೊಸೆ ಮಮತಾ, ಅಕ್ಕಿ ಆರಿಸುತ್ತ ತಲೆ ಎತ್ತದೆ.

ಹೆದರಿದವಳು ಧನ್ಯಾ ಅಲ್ಲವೆಂದು ಜಗದಾಂಬಳಿಗೆ ಗೊತ್ತಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ಆ ಪುಸ್ತಕವನ್ನು ನಗುನಗುತ್ತ ಓದಿ ಎಸೆದಿದ್ದಳು. ಮಮತಾ ಅದನ್ನೇ ಮೂರು ಸಲ ಓದಿ, ಕೆರೆ ಕಡೆಯ ಕಿಟಕಿ ತೆಗೆಯುವುದನ್ನೇ ಬಿಟ್ಟಿದ್ದಳು. ಪುಸ್ತಕದ ಹೆಸರು ‘ಏಳನೇ ತೂಬು’. ಹೊಸಬಾಳೆಯ ಆ ಕೆರೆಗೆ ನೀರು ಬಿಡುವ ತೂಬು ಇರುವುದು ಎರಡೇ. ಕಾದಂಬರಿ ಬರೆದ ಹುಲಿಯಪ್ಪನವರು ಅದನ್ನು ಏಳು ಮಾಡಿ, ಏಳನೆಯದರ ಮೇಲೆ ಒಬ್ಬ ಸತ್ತ ಹೆಣ್ಣನ್ನು ಕೂರಿಸಿದ್ದರು. ಅವಳ ಹಸಿರು ಬಳೆ ಸದ್ದು ಕೇಳಿದವರು ಮನೆಗೆ ಬರುತ್ತಿರಲಿಲ್ಲ.

ಆ ಹೆಣ್ಣು ಜಗದಾಂಬಳ ತಂಗಿ ರಾಜೇಶ್ವರಿ. ಶಿಕಾರಿಪುರದ ಕಡೆಯಿಂದ ಅಕ್ಕತಂಗಿಯರಿಬ್ಬರನ್ನೂ ಒಂದೇ ಮನೆಗೆ ತಂದಿದ್ದರು. ಅಣ್ಣನಿಗೆ ಜಗದಾಂಬ, ತಮ್ಮನಿಗೆ ರಾಜಿ. ವರ್ಷ ತುಂಬುವುದರೊಳಗೆ ರಾಜಿ ಹೋದಳು. ಅವಳ ಗಂಡ ಇನ್ನೊಂದು ಮದುವೆ ಮಾಡಿಕೊಂಡು ಶಿಕಾರಿಪುರ ಸೇರಿದ. ಹೊಸ ಹೆಂಡತಿಗೆ ಹಳೆಯವಳ ಹೆಸರೇ ಆಗುತ್ತಿರಲಿಲ್ಲ. ಹಾಗಾಗಿ ಹಿರಿಯರ ಪೂಜೆಯಲ್ಲಿ ರಾಜಿಗೆ ಸೀರೆ, ಅರಿಶಿನ ಕುಂಕುಮ, ಬಳೆ ಇಟ್ಟು ಮುತ್ತೈದೆ ಎಡೆ ಬಡಿಸುವುದು ಐವತ್ತು ವರ್ಷದಿಂದ ಜಗದಾಂಬಳ ಪಾಲಿಗೇ ಬಂದಿತ್ತು. ಅವಳು ಬಿಟ್ಟರೆ ಇಡುವವರಿಲ್ಲ. ಮನೆಯ ಹಿರಿಯರ ಸಾಲಿನಿಂದ ಎಬ್ಬಿಸಿ, ಹಿತ್ತಲಲ್ಲಿ ನಾಯಿ ಕಾಗೆಗಳ ನಡುವೆ ತಂಗಿಯನ್ನು ಕೂರಿಸುವುದು ಹೇಗೆ?

“ಅವಳು ಹಂಗಿರಲಿಲ್ಲ ಕಣೇ ಮಮತಾ.”

“ಇರಲಿಲ್ಲ ಅತ್ತೆ. ಆಮೇಲೆ ಆಗ್ಯಾರಲ್ಲ.”

ಹಾಗೆ ಮಾಡಿದವಳು ತಾನೇ ಎಂದು ಜಗದಾಂಬ ಹೇಗೆ ಹೇಳುವುದು?

ರಾಜಿ ಹೋದ ದಿನ, ನಡುಮಧ್ಯಾಹ್ನ. ಗದ್ದೆಗೆ ನೀರು ಬಿಡುವ ಪಾಳಿ ಇವರದು. ಗಂಡಸರಿಬ್ಬರೂ ಜ್ವರ ಬಂದು ಮಲಗಿದ್ದರು. ಏಳು ತಿಂಗಳ ಬಸುರಿ ಜಗದಾಂಬ ಕೆರೆ ಏರಿಯ ಮೇಲೆ ಕೂತಳು, ರಾಜಿ ತೂಬಿನ ಗೂಟ ಎತ್ತಲು ಇಳಿದಳು. ಇಳಿಯುವ ಮುಂಚೆ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿ ಅಕ್ಕನ ಮಡಿಲಿಗೆ ಹಾಕಿದಳು. ಮೂರು ದಿನದ ಹಿಂದೆ ತವರಿನವರು ತೊಡಿಸಿದ ಹೊಸ ಬಳೆ.

“ಎಲ್ಲಾನೂ ತೆಗಿಬ್ಯಾಡ್ವೇ, ಕೈ ಬೋಳಾಗುತ್ತೆ. ಅತ್ತೆ ಕಂಡ್ರೆ ಸುಮ್ನಿರಲ್ಲ.”

“ಒಂದು ಗಳಿಗೆ ಅಕ್ಕ. ಗೂಟಕ್ಕೆ ಬಡಿದು ಒಡೆದ್ರೆ ಇನ್ನೂ ಬೈತಾರೆ. ಮೇಲೆ ಬಂದ ಕೂಡ್ಲೆ ಹಾಕ್ಕೋತೀನಿ.”

ಕಲ್ಲಿನ ಮೇಲೆ ಪಾಚಿ ಇತ್ತು. ಅಷ್ಟೇ.

ಹೆಣ ಸಿಕ್ಕಾಗ ಬಳೆ ನೀರಿನಲ್ಲಿ ಒಡೆದಿರಬೇಕು ಎಂದುಕೊಂಡರು ಎಲ್ಲರೂ. ಗಂಡ ಜ್ವರದಲ್ಲಿರುವಾಗ ಮುತ್ತೈದೆ ಬೋಳುಗೈ ಮಾಡಿಕೊಂಡಳೆಂದು ತಿಳಿದರೆ ಸತ್ತವಳನ್ನೂ ಬಿಡುತ್ತಿರಲಿಲ್ಲ. ಜಗದಾಂಬ ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಳು. ಗಂಡನಿಗೂ ಹೇಳಲಿಲ್ಲ.

ಅಂದು ಹೊಟ್ಟೆಯಲ್ಲಿದ್ದ ಮಗ ನಾಗರಾಜ್ ಆರು ವರ್ಷದವನಾದಾಗ ಓರಗೆಯ ಮಕ್ಕಳ ಜೊತೆ ಅದೇ ತೂಬಿನಿಂದ ನೀರಿಗೆ ಹಾರುವುದು ಕಲಿತ. ಬೈದಳು, ಬರೆ ಹಾಕುತ್ತೇನೆಂದಳು, ಕೇಳಲಿಲ್ಲ. ಕೊನೆಗೊಂದು ದಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು, “ಅಲ್ಲಿ ನಿಮ್ಮ ಚಿಕ್ಕಮ್ಮ ಕೂತಿರ್ತಾಳೆ. ಬಳೆ ಸದ್ದು ಮಾಡಿ ಕರೀತಾಳೆ,” ಎಂದುಬಿಟ್ಟಳು. ಬಳೆ ಏಕೆ ಬಾಯಿಗೆ ಬಂತೋ. ತಂಗಿಯ ಬೋಳುಗೈ ನೆನೆಯಲಾರದೆ ಇರಬಹುದು. ಅಂದಿನಿಂದ ಒಂದು ಮಗುವೂ ತೂಬು ಹತ್ತಲಿಲ್ಲ. ಬೇರೆ ತಾಯಂದಿರೂ ಅದನ್ನೇ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ದನದ ಆಸ್ಪತ್ರೆಗೆ ಕಂಪೌಂಡರ್ ಆಗಿ ಬಂದ ಹುಲಿಯಪ್ಪ ಇದೇ ಜಗಲಿಯಲ್ಲಿ ಚಾ ಕುಡಿಯುತ್ತ ಆ ಕಥೆ ಕೇಳಿ, ನೋಟ್‌ಬುಕ್ ತೆಗೆದರು.

ಈಗ ಊರಿನ ಗ್ರಂಥಾಲಯದಲ್ಲಿ ಭಾನುವಾರದ ಓದುಗರ ಕೂಟ. ಹುಲಿಯಪ್ಪನವರ ಕಾದಂಬರಿಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು ಎಂದು ಅಂದು ಓಟು ಹಾಕುವುದಿತ್ತು. ಮಮತಾಳ ಹಿಂದೆಯೇ, ಮಡಿಲಲ್ಲಿ ಒಂದು ಗಂಟು ಇಟ್ಟುಕೊಂಡು, ಜಗದಾಂಬ ಹೋಗಿ ಬಾಗಿಲ ಹತ್ತಿರ ಕೂತಳು.

“‘ಬಾಗಿಲಿಲ್ಲದ ಕೋಣೆ’ ಮುಂದೆ ಉಳಿದಿದ್ದೆಲ್ಲ ಎಂತದ್ರೀ?” ಎಂದರು ನಿವೃತ್ತ ಮೇಷ್ಟ್ರು ಸದಾಶಿವಪ್ಪ. “ಅದ್ರಾಗೆ ಕಡೇವರೆಗೂ ದೆವ್ವ ಕಾಣಲ್ಲ. ಬರೀ ಕೆಮ್ಮು ಕೇಳುತ್ತೆ.”

“ಕೆಮ್ಮಿಗೆ ಹೆದರೋದಾಗಿದ್ರೆ ನಿಮ್ಮ ಮನೇರು ಯಾವತ್ತೋ ಊರು ಬಿಡ್ತಿದ್ರು ಮೇಷ್ಟ್ರೆ,” ಎಂದಳು ಮಮತಾ. ಎಲ್ಲರೂ ನಕ್ಕರು. “ಓದಿ ಮುಚ್ಚಿಟ್ಟ ಮೇಲೂ ಕಿವಿಯಾಗೆ ಉಳಿಯೋದು ‘ಏಳನೇ ತೂಬು’ ಒಂದೇ.”

ಗ್ರಂಥಾಲಯದ ತಿಪ್ಪೇಶ ಸೀಮೆಸುಣ್ಣ ಹಿಡಿದು ನಿಂತಿದ್ದ. “ನನ್ನ ಓಟು ‘ಕರೇ ಕಂಬಳಿ’ಗೆ. ಅದನ್ನ ಓದಿ ಆರು ತಿಂಗಳು ಹೊದ್ದುಕೊಳ್ಳದೇ ಮಲಗೀನಿ.”

“ಆದ್ರೂ ತೂಬು ಸುಳ್ಳು ಅನ್ಸುತ್ತೆ ಕಣಮ್ಮ,” ಮೇಷ್ಟ್ರು ಬಿಡಲಿಲ್ಲ. “ಅಷ್ಟು ನೀರಿನ ಸದ್ದಿನಾಗೆ ಬಳೆ ಕೇಳುತ್ತಾ?”

“ಕೇಳಲ್ಲ,” ಎಂದಳು ಜಗದಾಂಬ.

ಎಲ್ಲರೂ ತಿರುಗಿದರು. ಅವಳು ಗಂಟು ಬಿಚ್ಚಿದಳು. ಹನ್ನೆರಡು ಹಸಿರು ಬಳೆ, ಒಂದೂ ಬಿರುಕಿಲ್ಲ. ಏರಿ, ಗೂಟ, ಪಾಚಿ, ತಂಗಿಯ ಬೋಳುಗೈ, ಮಕ್ಕಳಿಗೆ ಹೇಳಿದ ಸುಳ್ಳು, ಕಂಪೌಂಡರಿಗೆ ಕೊಟ್ಟ ಚಾ, ಒಂದನ್ನೂ ಬಿಡದೆ ಹೇಳಿದಳು. ಸೊಸೆಯ ಮುಖ ನೋಡಿಕೊಂಡೇ ಹೇಳಿದಳು. “ಅವಳು ಯಾರನ್ನೂ ಕರೆದೋಳಲ್ಲ. ಕರೆಸಿದ್ದು ನಾನು.”

ಮೇಷ್ಟ್ರು ಕನ್ನಡಕ ತೆಗೆದು, “ಹಂಗಾದ್ರೆ ಇದು ನಡೆದಿದ್ದು,” ಎಂದರು. “ತಿಪ್ಪೇಶ, ನನ್ನ ಓಟು ಬದಲು ಮಾಡಪ್ಪ. ತೂಬಿಗೆ ಹಾಕು.”

“ನಂದೂ ಅದಕ್ಕೇ,” ಎಂದ ತಿಪ್ಪೇಶ. ಹಿಂದಿನ ಸಾಲಿನವರೆಲ್ಲ ಕೈ ಎತ್ತಿದರು. ಯಾರೋ ಬಳೆಯ ಫೋಟೊ ತೆಗೆದರು. ಮುಟ್ಟಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಕೈ ಎತ್ತದವಳು ಮಮತಾ ಒಬ್ಬಳೇ. ಅವಳು ಬಂದು ಬಳೆಗಳನ್ನು ಮತ್ತೆ ಬಟ್ಟೆಗೆ ಸುತ್ತಿ, “ನಡೀರಿ ಅತ್ತೆ,” ಎಂದಳು.

ಎರಡು ವಾರದಲ್ಲಿ ಆ ಫೋಟೊ ಸೊರಬ ದಾಟಿ ಶಿಕಾರಿಪುರದವರ ಮೊಬೈಲಿಗೂ ಹೋಯಿತು. ನಿಜವಾದ ತೂಬು, ನಿಜವಾದ ಬಳೆ ಎಂದು ಕಂಡಕಂಡ ಹುಡುಗರು ಬೈಕಿನಲ್ಲಿ ಬರತೊಡಗಿದರು. ಕಥೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳನ್ನು ಆ ಕಲ್ಲಿನಿಂದ ದೂರ ಇಟ್ಟಿತ್ತು. ಈಗ ಅದೇ ಕಥೆ ಹುಡುಗರನ್ನು ಅಲ್ಲಿಗೆ ಹತ್ತಿಸುತ್ತಿತ್ತು.

ದೀಪಾವಳಿಯ ಮಧ್ಯಾಹ್ನ ಜಗದಾಂಬ ಹಸಿರು ಸೀರೆ ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಒಳಗೋ ಹಿತ್ತಲೋ ಎಂದು ಇನ್ನೂ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅಷ್ಟರಲ್ಲಿ ಕೆರೆ ಕಡೆಯಿಂದ ಕೇಕೆ ಕೇಳಿಸಿತು. ಅವಳು ಸೀರೆ ಹಿಡಿದೇ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

ಮಮತಾ ಸೀರೆಯನ್ನು ತೆಗೆದುಕೊಂಡು ಹಿರಿಯರ ಸಾಲಿನಲ್ಲೇ ಇಟ್ಟಳು. ಟ್ರಂಕಿನ ಬಳೆಗಳನ್ನು ಅದರ ಮೇಲಿಟ್ಟು, ಕೆರೆ ಕಡೆಯ ಕಿಟಕಿ ತೆರೆದಳು. “ನೀವು ಹೋಗಿ ಬನ್ನಿ ಅತ್ತೆ. ಚಿಕ್ಕತ್ತೆಗೆ ನಾನು ಬಡಿಸ್ತೀನಿ.”

ಏರಿ ಹತ್ತುವಷ್ಟರಲ್ಲಿ ಜಗದಾಂಬಳಿಗೆ ಏದುಸಿರು. ತೂಬಿನ ಕಂಬ ಹಿಡಿದು ಇಬ್ಬರು ನಿಂತಿದ್ದರು, ಒಬ್ಬ ಕೆಳಗಿನ ಕಲ್ಲಿಗೆ ಇಳಿದು ಫೋಟೊ ತೆಗೆಯುತ್ತಿದ್ದ.

“ಮೇಲೆ ಬರ್ರಪ್ಪಾ, ಪಾಚಿ ಐತೆ.”

“ಅಜ್ಜಿ, ಇಲ್ಲೇನಾ ಬಳೆ ಸದ್ದು ಕೇಳೋದು?”

“ಕೇಳಲ್ಲ. ಅವಳು ಬಿಚ್ಚಿಟ್ಟು ಇಳಿದಿದ್ಳು. ಬರ್ರಿ ಮೇಲೆ.”

ಅವರು ನಕ್ಕು, ಇನ್ನೊಂದು ಫೋಟೊ ಎಂದರು. ಜಗದಾಂಬ ಅಂದು ಕೂತ ಜಾಗದಲ್ಲೇ ಕೂತಳು. ಕೊನೆಯವನು ಮೇಲೆ ಬರುವವರೆಗೂ ಅವನ ಕಾಲುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ಇನ್ನೆರಡು ಬೈಕು ಬಂದು ನಿಂತವು.